ಮನೆ ಆರಿಸಲು ನೆರವಾಗುವ ಆನ್‌ಲೈನ್ ಸೇವೆ: ಕ್ರಮಾಂಕವನ್ನು ಎಷ್ಟು ನಂಬಬಹುದು?

ಅಮ್ಮನಿಗಾಗಿ ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ, ಆಯ್ಕೆಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ ಕ್ರಮಾಂಕ ಕೊಡುವ ಒಂದು ಆನ್‌ಲೈನ್ ಸೇವೆಯನ್ನು ಬಳಸಿದೆ. ಗಣಿತಜ್ಞ ಥಾಮಸ್ ಸಾಟಿ 1970ರ ದಶಕದಲ್ಲಿ ರೂಪಿಸಿದ ಎಎಚ್‌ಪಿ (ಅನಲಿಟಿಕ್ ಹೈರಾರ್ಕಿ ಪ್ರೊಸೆಸ್) ಎಂಬ ನಿರ್ಧಾರ ವಿಧಾನವೇ ಅದರ ಆಧಾರ. ‘ಇದು ಅದಕ್ಕಿಂತ ಎಷ್ಟು ಮೇಲು’ ಎಂಬ ಪ್ರಶ್ನೆಗೆ 1ರಿಂದ 9ರವರೆಗಿನ ಅಂಕ ಕೊಟ್ಟರೆ ಉಳಿದ ಲೆಕ್ಕವನ್ನು ಅದೇ ಮಾಡುತ್ತದೆ.

ಬಾಡಿಗೆ, ಆಸ್ಪತ್ರೆಯ ಸಾಮೀಪ್ಯ, ನೀರು, ಈ ಮೂರಕ್ಕೂ ಸಮಾನ ತೂಕ ಕೊಟ್ಟೆ. ಬಾಡಿಗೆ ಕಡಿಮೆಯಿದ್ದ ಕುವೆಂಪುನಗರದ ಮನೆಗೆ 0.45, ಆಸ್ಪತ್ರೆಗೆ ಹತ್ತಿರವಿದ್ದ ಸರಸ್ವತಿಪುರಂ ಮನೆಗೆ 0.43 ಬಂತು, ವಿಜಯನಗರದ್ದು ಬಹಳ ಹಿಂದುಳಿಯಿತು. ಮರುದಿನ ಕುವೆಂಪುನಗರದ ಅದೇ ಕಟ್ಟಡದಲ್ಲಿ, ಪಕ್ಕದ ಬಾಗಿಲಿನ, ಎಲ್ಲ ರೀತಿಯಲ್ಲೂ ಒಂದೇ ತೆರನಾದ ಮನೆ ಖಾಲಿಯಾಯಿತು. ಅದನ್ನೂ ಸೇರಿಸಿದೊಡನೆ ಸರಸ್ವತಿಪುರಂ 0.33ರೊಂದಿಗೆ ಮೊದಲಾಯಿತು, ಕುವೆಂಪುನಗರದ ಮನೆ 0.29ಕ್ಕೆ ಇಳಿಯಿತು. ಯಾವ ಮನೆಯೂ ಬದಲಾಗಿರಲಿಲ್ಲ, ನಾನು ಕೊಟ್ಟ ಒಂದು ಅಂಕವೂ ಬದಲಾಗಿರಲಿಲ್ಲ.

ಪ್ರತಿ ಅಂಶದಲ್ಲೂ ಎಲ್ಲ ಮನೆಗಳ ಪಾಲುಗಳ ಮೊತ್ತ 1 ಆಗುವಂತೆ ಹಂಚುವುದೇ ಇದಕ್ಕೆ ಕಾರಣ. ಅಗ್ಗದ ಮನೆಗಳು ಎರಡಾದಾಗ ಬಾಡಿಗೆಯಲ್ಲಿ ಕುವೆಂಪುನಗರದ ಮನೆಯ ಪಾಲು 0.75ರಿಂದ 0.43ಕ್ಕೆ ಕುಸಿಯಿತು, ಆದರೆ ಆಸ್ಪತ್ರೆಯ ವಿಷಯದಲ್ಲಿ ಸರಸ್ವತಿಪುರಂ ಮನೆಯ ಪಾಲು 0.71ರಿಂದ 0.63ಕ್ಕಷ್ಟೇ ಇಳಿಯಿತು. ಈ ಕ್ರಮಪಲ್ಲಟವನ್ನು ಬೆಲ್ಟನ್ ಮತ್ತು ಗಿಯರ್ ಎಂಬ ಸಂಶೋಧಕರು 1983ರಲ್ಲೇ ತೋರಿಸಿಕೊಟ್ಟಿದ್ದರು. ಪ್ರತಿ ಅಂಶದಲ್ಲೂ ಅತ್ಯುತ್ತಮವಾದುದಕ್ಕೆ 1 ಕೊಟ್ಟು ಉಳಿದವನ್ನು ಅದಕ್ಕೆ ಹೋಲಿಸಿದರೆ ಈ ತೊಂದರೆ ಬರುವುದಿಲ್ಲ. ಕೈಯಲ್ಲೇ ಲೆಕ್ಕ ಹಾಕಿದಾಗ ಕುವೆಂಪುನಗರವೇ ಮೊದಲಿನ ಸ್ಥಾನದಲ್ಲಿ ಉಳಿಯಿತು. ಹಣ ಪಡೆಯುವ ಸೇವೆಯಲ್ಲಿ ಆ ಆಯ್ಕೆಯೇ ಇಲ್ಲದಿರುವುದು ಗಂಭೀರ ಕೊರತೆ. ಎರಡು ಬಾರಿಯೂ ಅದು ನನ್ನ ತೀರ್ಪುಗಳಲ್ಲಿ ವಿರೋಧಾಭಾಸವಿಲ್ಲವೆಂದು ಹಸಿರು ಗುರುತು ತೋರಿಸಿತು. ಆ ಪರೀಕ್ಷೆ ಅಂಕಗಳು ಪರಸ್ಪರ ಹೊಂದುತ್ತವೆಯೇ ಎಂದಷ್ಟೇ ನೋಡುತ್ತದೆಯೇ ಹೊರತು ಉತ್ತರ ಸರಿಯೇ ಎಂದಲ್ಲ. ಬಳಕೆದಾರರಿಗೆ ಅದನ್ನು ಸ್ಪಷ್ಟವಾಗಿ ಹೇಳಬೇಕು.

ಹೋಲಿಕೆಗಳ ಸಂಖ್ಯೆಯೂ ಬೇಗ ಬೆಳೆಯುತ್ತದೆ: ನಾಲ್ಕು ಮನೆಗಳಿಗೆ ಒಟ್ಟು 21 ಪ್ರಶ್ನೆಗಳಾದವು. ಆದರೂ ನಮಗೆ ಏನೇನು ಮುಖ್ಯವೆಂದು ಮನೆಯವರೆಲ್ಲ ಕುಳಿತು ಮಾತನಾಡಲು ಆ ಪ್ರಶ್ನೆಗಳು ನಿಜವಾಗಿಯೂ ನೆರವಾದವು. ಸೇವೆಯ ಅತ್ಯುತ್ತಮ ಭಾಗ ಅದೇ. ಕುವೆಂಪುನಗರದ ಎರಡೂ ಮನೆಗಳು ಲಿಫ್ಟ್ ಇಲ್ಲದ ಎರಡನೇ ಮಹಡಿಯಲ್ಲಿವೆ, ತನಗೆ ಮೊಣಕಾಲು ನೋವು ಎಂದು ಅಮ್ಮ ನೆನಪಿಸಿದ್ದೂ ಆ ಮಾತಿನ ನಡುವೆಯೇ. ಮೆಟ್ಟಿಲನ್ನೂ ಒಂದು ಅಂಶವಾಗಿ ಸೇರಿಸಬಹುದಿತ್ತು, ಆದರೆ ಆಗ ಹತ್ತಲಾಗದ ಮೆಟ್ಟಿಲನ್ನು ಕಡಿಮೆ ಬಾಡಿಗೆ ಸರಿದೂಗಿಸಿಬಿಡುತ್ತಿತ್ತು. ಅಂಕ ಕೊಡುವ ಮೊದಲೇ ಆ ಎರಡು ಮನೆಗಳನ್ನು ಪಟ್ಟಿಯಿಂದ ತೆಗೆಯಬೇಕಿತ್ತು. ಕೊನೆಗೆ ಹಾಗೆಯೇ ಮಾಡಿದೆವು.