ವರ್ಚುವಲ್‌ಬಾಕ್ಸ್, ಆರು ವರ್ಷದ ಮೇಲೆ: ಡಿಸ್ಕ್ ದೊಡ್ಡದು ಮಾಡಬಹುದು, ಚಿಕ್ಕದು ಮಾಡೋದು ಕೇಳಬೇಡಿ

ಚಿಕ್ಕಮಗಳೂರಿನಲ್ಲಿ ನಾಲ್ಕೈದು ಕಾಫಿ ತೋಟದವರ ಲೆಕ್ಕ ಬರೆಯುತ್ತೇನೆ. ಲ್ಯಾಪ್‌ಟಾಪ್‌ನಲ್ಲಿರುವುದು ಉಬುಂಟು ಲಿನಕ್ಸ್, ಲೆಕ್ಕದ ಸಾಫ್ಟ್‌ವೇರ್ ಮಾತ್ರ ವಿಂಡೋಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಅದಕ್ಕೇ ಆರು ವರ್ಷದಿಂದ ವರ್ಚುವಲ್‌ಬಾಕ್ಸ್ (ಒಂದು ಕಂಪ್ಯೂಟರ್ ಒಳಗೆ ಇನ್ನೊಂದನ್ನು ಓಡಿಸುವ ಸಾಫ್ಟ್‌ವೇರ್) ಒಳಗೆ ವಿಂಡೋಸ್ 10 ಇಟ್ಟುಕೊಂಡಿದ್ದೇನೆ. ದಿನದ ಕೆಲಸಕ್ಕೆ ತಕರಾರಿಲ್ಲ. ಹೇಳಬೇಕಾಗಿರುವುದು ಡಿಸ್ಕ್ ವಿಷಯ.

ಶುರುವಿನಲ್ಲಿ 40 ಜಿಬಿಯ ವಿಡಿಐ ಫೈಲ್ ಮಾಡಿದ್ದೆ, ಒಳಗಿನ ವಿಂಡೋಸ್‌ಗೆ ಅದೇ ಹಾರ್ಡ್ ಡಿಸ್ಕ್. ಅದೂ ಡೈನಾಮಿಕ್. ಅಂದರೆ 40 ಅನ್ನೋದು ಮಿತಿ ಅಷ್ಟೇ, ಒಳಗೆ ತುಂಬಿದ ಹಾಗೆ ಫೈಲ್ ಬೆಳೆಯುತ್ತದೆ. ಮೂರು ವರ್ಷಕ್ಕೆ ಸಿ ಡ್ರೈವ್ ತುಂಬಿ ಕೆಂಪಾಯಿತು. ಆಗಿದ್ದೂ ಎಂಥಾ ದಿನ ಅಂತೀರಿ, ಕೊಯ್ಲಿನ ಕಾಲದ ಶನಿವಾರ, ಸಂಜೆ ಬಟವಾಡೆ, ತೋಟದಿಂದ ರೈಟರ್ ಐದು ನಿಮಿಷಕ್ಕೊಂದು ಫೋನ್.

ಒಳಗಿನ ವಿಂಡೋಸ್ ಆಫ್ ಮಾಡಿ, ಉಬುಂಟು ಟರ್ಮಿನಲ್‌ನಲ್ಲಿ ಮಾಡಿಫೈಮೀಡಿಯಂ ಕಮಾಂಡ್ ಕೊಟ್ಟು, ರೀಸೈಜ್ ಅಂತ ಹಾಕಿ ಅಳತೆ ಹೊಡೆದೆ. ಅಳತೆ ಎಂಬಿಯಲ್ಲಿ ಕೊಡಬೇಕು, 60 ಜಿಬಿಗೆ 61440. ಅವಸರದಲ್ಲಿ ಒಂದು ಸೊನ್ನೆ ಜಾಸ್ತಿ ಬಿತ್ತು. ಕಣ್ಣು ಮಿಟುಕಿಸುವಷ್ಟರಲ್ಲಿ ಡಿಸ್ಕ್ 600 ಜಿಬಿ! ನನ್ನ ಲ್ಯಾಪ್‌ಟಾಪ್ ಡಿಸ್ಕ್ (ಎಸ್‌ಎಸ್‌ಡಿ) ಇರುವುದೇ 256 ಜಿಬಿ. ವಾಪಸ್ ಇಳಿಸೋಣ ಅಂದರೆ ಆ ಕಮಾಂಡ್ ಬೆಳೆಸುತ್ತದೆಯೇ ಹೊರತು ಇಳಿಸುವುದಿಲ್ಲ. ಕೈಕಾಲು ತಣ್ಣಗಾಯಿತು. ಆಮೇಲೆ ಫೈಲ್ ನೋಡಿದರೆ ಅದು ಮೊದಲಿನಷ್ಟೇ ಇದೆ, ಡೈನಾಮಿಕ್ ಅಲ್ವಾ. ಪಹಣಿಯಲ್ಲಿ ಹತ್ತೆಕರೆ, ಗಿಡ ಇರುವುದು ಒಂದೆಕರೆಯಲ್ಲಿ, ಹಾಗೆ.

ಫೈಲ್ ಬೆಳೆಸಿದರೆ ಅರ್ಧ ಕೆಲಸ ಮಾತ್ರ. ಒಳಗೆ ವಿಂಡೋಸ್‌ಗೆ ಹೊಸ ಜಾಗ ಖಾಲಿ ನಿವೇಶನದಂತೆ ಕಾಣುತ್ತದೆ, ಸಿ ಡ್ರೈವ್ ಇದ್ದಷ್ಟೇ ಇರುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್‌ಗೆ ಹೋದರೆ ಎಕ್ಸ್‌ಟೆಂಡ್ ವಾಲ್ಯೂಮ್ ಮಂಕಾಗಿ ಕೂತಿತ್ತು, ಒತ್ತಲು ಬರಲಿಲ್ಲ. ಕಾರಣ, ಸಿ ಡ್ರೈವ್‌ಗೂ ಖಾಲಿ ಜಾಗಕ್ಕೂ ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟರೆ ರಿಪೇರಿಗೆ ಇಟ್ಟ ಭಾಗ) ಬೇಲಿ ಹಾಕಿದಂತೆ ಅಡ್ಡ ನಿಂತಿತ್ತು. ಡಿಸ್ಕ್ ಭಾಗಗಳನ್ನು ಸರಿಸುವ ಜಿಪಾರ್ಟೆಡ್ ಅನ್ನೋ ಸಾಫ್ಟ್‌ವೇರ್‌ನ ಐಎಸ್‌ಒ ಫೈಲ್‌ನಿಂದ ಬೂಟ್ ಮಾಡಿ ಆ ಬೇಲಿಯನ್ನು ಬಲಕ್ಕೆ ಸರಿಸಿ, ಸಿ ಡ್ರೈವ್‌ಗೆ 60 ಜಿಬಿ ಆಗುವಷ್ಟು ಕೊಟ್ಟೆ. ಮಿಕ್ಕಿದ್ದು ಹಾಗೇ ಬಿಟ್ಟೆ, ಇವತ್ತಿಗೂ ಹಾಗೇ ಇದೆ. ಬಟವಾಡೆ ಒಂದು ಗಂಟೆ ತಡವಾಯಿತು.

ಸ್ನ್ಯಾಪ್‌ಶಾಟ್ (ಬೇಕಾದಾಗ ಹಿಂದಿನ ಸ್ಥಿತಿಗೆ ಮರಳಲು ಉಳಿಸಿಟ್ಟ ಗುರುತು) ಇಟ್ಟುಕೊಂಡವರು ಒಂದು ನೋಡಿಕೊಳ್ಳಿ. ಮೂಲ ಫೈಲ್ ಬೆಳೆಸಿದರೂ ಮಷೀನ್‌ಗೆ ಹಳೇ ಅಳತೆಯೇ ಕಾಣುತ್ತದೆ. ಮೊದಲು ಸ್ನ್ಯಾಪ್‌ಶಾಟ್ ಡಿಲೀಟ್ ಮಾಡಿ, ಹೆದರಬೇಡಿ, ಈಗಿನ ಡೇಟಾ ಹೋಗುವುದಿಲ್ಲ, ಮೂಲದೊಳಗೇ ಸೇರಿಕೊಳ್ಳುತ್ತದೆ. ಏನೇ ಮಾಡುವ ಮುಂಚೆ ವಿಡಿಐ ಫೈಲ್ ಒಂದು ಕಾಪಿ ಬೇರೆ ಡ್ರೈವ್‌ಗೆ ಹಾಕಿಡಿ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಗೆ ಅಂತ ಗೊತ್ತಲ್ಲ.

ಮಿತಿ ಇಳಿಸಲು ಬರದಿದ್ದರೂ ಬೆಳೆದ ಫೈಲ್ ಇಳಿಸಬಹುದು. ಆದರೆ ಒಳಗೆ ಫೈಲ್ ಅಳಿಸಿದರೂ ಹೊರಗೆ ವಿಡಿಐ ಸುಮ್ನೆ ಇಳಿಯುವುದಿಲ್ಲ. ವಿಂಡೋಸ್‌ನಲ್ಲಿ ಎಸ್‌ಡಿಲೀಟ್ ಅನ್ನೋ ಸಣ್ಣ ಸಾಫ್ಟ್‌ವೇರ್‌ನಿಂದ ಖಾಲಿ ಜಾಗಕ್ಕೆಲ್ಲ ಸೊನ್ನೆ ತುಂಬಿಸಿ, ಆಫ್ ಮಾಡಿ, ಹೊರಗಿನಿಂದ ಅದೇ ಮಾಡಿಫೈಮೀಡಿಯಂಗೆ ಕಾಂಪ್ಯಾಕ್ಟ್ ಕೊಡಬೇಕು. ವರ್ಷಕ್ಕೊಮ್ಮೆ ಯುಗಾದಿ ಹೊತ್ತಿಗೆ ಮಾಡುತ್ತೇನೆ, ಹೋದ ಸಲ 52 ಜಿಬಿಯಿಂದ 31ಕ್ಕೆ ಬಂತು. ಮಾಡದೆ ಬಿಟ್ಟ ವರ್ಷ ಉಬುಂಟು ಕಡೆ ಜಾಗ ಮುಗಿದು ವಿಂಡೋಸ್ ಇದ್ದಲ್ಲೇ ಪಾಜ್ ಆಗಿ ನಿಂತಿತ್ತು. ಹಳೇ ಫೋಟೋ ಅಳಿಸಿ ಮುಂದುವರಿಸಿದೆ, ಬರೆಯುತ್ತಿದ್ದ ವೋಚರ್ ಹಾಗೇ ಇತ್ತು. ಅದು ಮಾತ್ರ ಮೆಚ್ಚುಗೆಯಾಯಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಳೆದಿದ್ದು ಡಿಸ್ಕ್ ಮಿತಿ ಇಳಿಸಲು ಬರದಿದ್ದಕ್ಕೆ, ಆ ಸೊನ್ನೆ ಹೊಡೆದವನು ನಾನೇ ಆದರೂ.