ಹಳೇ ಡಿಎಸ್‌ಎಲ್‌ಆರ್ ಸಾಕಾ, ಮಿರರ್‌ಲೆಸ್ ಬೇಕಾ?

ಮೊದಲ ಕ್ಯಾಮೆರಾ ಕೊಳ್ಳುವವರು ನನ್ನನ್ನು ಕೇಳುವುದು ಇದನ್ನೇ: ಒಳಗೆ ಕನ್ನಡಿ ಇರುವ ಹಳೇ ಡಿಎಸ್‌ಎಲ್‌ಆರ್ ಸಾಕಾ, ಕನ್ನಡಿ ಇಲ್ಲದ ಮಿರರ್‌ಲೆಸ್ ಬೇಕಾ? ಹಾಗಾಗಿ ಎರಡನ್ನೂ ಹೆಗಲಿಗೆ ಹಾಕಿಕೊಂಡು ಬೆಳಗಿನ ಜಾವ ಬೆಂಗಳೂರಿನ ಕೆ.ಆರ್. ಮಾರ್ಕೆಟ್‌ನ ಹೂವಿನ ಸಾಲಿಗೆ ಹೋದೆ.

ಮಿರರ್‌ಲೆಸ್‌ನಲ್ಲಿ ಫೋಟೊ ಹೇಗೆ ಬರುತ್ತದೆ ಅನ್ನುವುದು ಕ್ಲಿಕ್ ಮಾಡುವ ಮುಂಚೆಯೇ ಕಾಣುತ್ತದೆ. ದೀಪದ ಕೆಳಗಿನ ಚೆಂಡುಹೂವಿನ ರಾಶಿ ಬಣ್ಣವೇ ಇಲ್ಲದೆ ಬೆಳ್ಳಗೆ ಕಂಡಿತು. ಎಕ್ಸ್‌ಪೋಷರ್, ಅಂದರೆ ಫೋಟೊಗೆ ಬೀಳುವ ಬೆಳಕನ್ನು, ಸ್ವಲ್ಪ ಇಳಿಸಿದೆ, ಒಂದೊಂದು ಎಸಳೂ ಎದ್ದು ಬಂತು. ಕಲಿಯುವವರಿಗೆ ಇದು ದೊಡ್ಡ ಸಹಾಯ ಅಲ್ವಾ? ಶಬ್ದ ಬೇಡವೆಂದು ಎಲೆಕ್ಟ್ರಾನಿಕ್ ಶಟರ್ (ಪರದೆ ಚಲಿಸದೆ ಸೆನ್ಸರ್ ತಾನೇ ಚಿತ್ರ ಹಿಡಿಯುವ ವಿಧಾನ) ಹಾಕಿದಾಗ ಮಾತ್ರ ಕಣ್ಣಿಗೆ ಕಾಣದಂತೆ ಮಿನುಗುವ ಎಲ್‌ಇಡಿ ದೀಪದಿಂದಾಗಿ ಫೋಟೊ ತುಂಬ ಪಟ್ಟೆ ಪಟ್ಟೆ. ಪರದೆ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್‌ಗೆ ಬದಲಾಯಿಸಿ, ವೇಗವನ್ನು 1/100 ಸೆಕೆಂಡಿಗೆ ಇಳಿಸಿದ ಮೇಲೆ ಸರಿಹೋಯಿತು.

ಡಿಎಸ್‌ಎಲ್‌ಆರ್‌ನಲ್ಲಿ ಕನ್ನಡಿ ತೋರಿಸುವುದು ಎದುರಿಗಿರುವ ದೃಶ್ಯವನ್ನೇ. ಬೆಳಕು ತಪ್ಪಿದ್ದು ಫೋಟೊ ತೆಗೆದ ಮೇಲೇ ಗೊತ್ತಾಗುವುದು. ಆದರೆ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ಕಡಿಮೆ ದುಡ್ಡಿಗೆ ಸಿಗುತ್ತದೆ. ಶಟರ್ ಬಳಸಿದಷ್ಟೂ ಸವೆಯುತ್ತದೆ, ಅದು ಎಷ್ಟು ಸಲ ಓಡಿದೆ ಅಂತ ಕೇಳದೆ ಸುಮ್ನೆ ದುಡ್ಡು ಕೊಡಬೇಡಿ.

ಮನೆಯಲ್ಲಿ ಹಳೇ ಲೆನ್ಸ್ ಇದ್ದರೆ ಲೆಕ್ಕ ಬೇರೆ. ನಿಕಾನ್‌ನ ಎಎಫ್-ಡಿ ಲೆನ್ಸನ್ನು (ತನ್ನದೇ ಫೋಕಸ್ ಮೋಟಾರ್ ಇಲ್ಲದ ಹಳೇ ಬಗೆ) ಎಫ್‌ಟಿಝಡ್ ಎಂಬ ಜೋಡಿಸುವ ಅಡಾಪ್ಟರ್ ಮೂಲಕ ನಿಕಾನ್ ಮಿರರ್‌ಲೆಸ್‌ಗೆ ಹಾಕಬಹುದು, ಆದರೆ ಆಟೋಫೋಕಸ್ ಆಗುವುದಿಲ್ಲ. ಆಟೋಫೋಕಸ್‌ಗೆ ಕ್ಯಾಮೆರಾದ ಒಳಗೇ ಮೋಟಾರ್ ಇರುವ ಡಿ7200 ಥರದ ಡಿಎಸ್‌ಎಲ್‌ಆರ್ ಬೇಕು.

ಲಾಲ್‌ಬಾಗ್ ಕೆರೆಯ ಹಕ್ಕಿಗಳ ಹಿಂದೆ ಓಡುವ ಆಸೆಯಿದ್ದರೆ ಹಕ್ಕಿಯ ಕಣ್ಣು ಗುರುತಿಸುವ ಮಿರರ್‌ಲೆಸ್ಸೇ ತಗೊಳ್ಳಿ. ಬಜೆಟ್ ಬಿಗಿಯಾಗಿದ್ದರೆ ಹಳೇ ಡಿಎಸ್‌ಎಲ್‌ಆರ್ ಕೊಂಡು, ಉಳಿದ ದುಡ್ಡನ್ನು ಹೆಚ್ಚು ಬೆಳಕು ಒಳಬಿಡುವ 50 ಎಂಎಂ ಎಫ್/1.8 ಲೆನ್ಸ್‌ಗೆ ಹಾಕಿ.