ಒಂದೇ ಬೆಟ್ಟದ ಎರಡು ಚಿನ್ನದೂರು: ಜ್ಯೂಫೆನ್ ಮತ್ತು ಜಿಂಗ್ವಾಶಿ

ತೈವಾನಿನ ಉತ್ತರ ಕರಾವಳಿಗೆ ಆತುಕೊಂಡಿರುವ ಕೀಲುಂಗ್ ಬೆಟ್ಟದ ಎರಡು ಮಗ್ಗುಲಿಗೆ ಎರಡು ಹಳೆಯ ಗಣಿಯೂರುಗಳಿವೆ. ತೈಪೆಯಿಂದ ರೈಲಿನಲ್ಲಿ ರುಯಿಫಾಂಗ್‌ಗೆ ಬಂದು 788ನೇ ಸಂಖ್ಯೆಯ ಬಸ್ಸು ಹಿಡಿದರೆ ಮೊದಲು ಜ್ಯೂಫೆನ್, ಮುಂದೆ ಸುಮಾರು ಕಾಲು ಗಂಟೆಯಲ್ಲಿ ಜಿಂಗ್ವಾಶಿ ಸಿಗುತ್ತದೆ. ಬಹುತೇಕ ಪ್ರವಾಸಿಗರು ಮೊದಲನೆಯದರಲ್ಲೇ ಇಳಿದುಬಿಡುತ್ತಾರೆ. ನಾನೂ ಮೊದಲ ಸಲ, ಒಂದು ಶನಿವಾರ ಸಂಜೆ, ಹಾಗೆಯೇ ಮಾಡಿದೆ. ಎರಡನೆಯ ಸಲ ವಾರದ ನಡುವೆ ರಜೆ ಹಾಕಿ ನೇರವಾಗಿ ಜಿಂಗ್ವಾಶಿಗೆ ಹೋದೆ.

ಜ್ಯೂಫೆನ್‌ನ ಆಕರ್ಷಣೆ ಅದರ ಮೆಟ್ಟಿಲುಗಳು. ಶುಚಿ ಎಂಬ ಹೆಸರಿನ ಕಡಿದಾದ ಬೀದಿಯ ಎರಡೂ ಬದಿಗೆ ಕೆಂಪು ಲಾಂದ್ರಗಳನ್ನು ತೂಗಿಬಿಟ್ಟ ಚಹಾ ಮನೆಗಳಿವೆ, ಕೆಳಗೆ ಸಮುದ್ರ ಕಾಣುತ್ತದೆ. ಆದರೆ ಶನಿವಾರದ ಜನಜಂಗುಳಿಯಲ್ಲಿ ನನಗೆ ಹೆಚ್ಚಾಗಿ ಕಂಡದ್ದು ಮುಂದಿನವರ ಕೊಡೆ. ಮಳೆ ಅಲ್ಲಿ ನಿತ್ಯದ ಮಾತು. ಚಳಿಗಾಲದಲ್ಲಂತೂ ಈಶಾನ್ಯದ ಗಾಳಿ ದಿನಗಟ್ಟಲೆ ಜಿಟಿಜಿಟಿ ಹಿಡಿಸುತ್ತದೆ. ಗಣಿಗಾರಿಕೆ 1971ರಲ್ಲಿ ನಿಂತು ಮಂಕಾಗಿದ್ದ ಈ ಊರಿಗೆ ಮತ್ತೆ ಜನ ಬರತೊಡಗಿದ್ದು 1989ರಲ್ಲಿ ಇಲ್ಲಿ ಚಿತ್ರೀಕರಿಸಿದ ಸಿನಿಮಾ ಒಂದು ಹೆಸರು ಮಾಡಿದ ಮೇಲೆ. ಅಂದರೆ ಇಂದಿನ ಗದ್ದಲ ಚಿನ್ನದ್ದಲ್ಲ, ಸಿನಿಮಾದ್ದು.

ಎರಡು ಊರುಗಳು ಇಷ್ಟು ಬೇರೆಯಾಗಿರುವುದಕ್ಕೆ ಹಳೆಯ ಕಾರಣವಿದೆ. ಜಪಾನೀಯರು 1895ರಲ್ಲಿ ತೈವಾನನ್ನು ವಶಪಡಿಸಿಕೊಂಡ ಬಳಿಕ ಬೆಟ್ಟದ ನೆತ್ತಿಯನ್ನೇ ಗಡಿಯಾಗಿಟ್ಟು ಗಣಿಯ ಹಕ್ಕನ್ನು ಹಂಚಿದರು: ಪೂರ್ವದ ಜಿಂಗ್ವಾಶಿ ಜಪಾನಿ ಉದ್ಯಮಿ ತನಕಾ ಅವರಿಗೆ, ಪಶ್ಚಿಮದ ಜ್ಯೂಫೆನ್ ಇನ್ನೊಬ್ಬ ಜಪಾನಿ ಉದ್ಯಮಿ ಫುಜಿಟಾ ಅವರಿಗೆ. ಪಶ್ಚಿಮದ ಪಾಲು ಮುಂದೆ ತೈವಾನಿನವರೇ ಆದ ಯಾನ್ ಮನೆತನದ ಕೈಗೆ ಬಂದು, ಅವರು ಅದನ್ನು ತುಂಡು ತುಂಡಾಗಿ ಒಳಗುತ್ತಿಗೆಗೆ ಕೊಟ್ಟರು. ಆದ್ದರಿಂದ ಜ್ಯೂಫೆನ್ ಅದೃಷ್ಟ ಕುದುರಿದವನು ಅಂದೇ ಕೈಬಿಚ್ಚಿ ಖರ್ಚು ಮಾಡುವ ಊರಾಯಿತು. ಜಿಂಗ್ವಾಶಿ ಮಾತ್ರ ಕಂಪನಿಯ ಊರಾಗಿಯೇ ಉಳಿದು, ಅಧಿಕಾರಿಗಳ ಜಪಾನಿ ಮಾದರಿಯ ಮರದ ಮನೆಗಳು ಒಂದು ಕಡೆ, ಕೂಲಿಗಳ ವಸತಿ ಇನ್ನೊಂದು ಕಡೆ ಎಂಬಂತೆ ಬೆಳೆಯಿತು. ಕೆಜಿಎಫ್‌ನ ಕೂಲಿಗಳ ಲೈನ್ ಮನೆಗಳಲ್ಲಿ ಬೆಳೆದ ನನಗೆ ಈ ಏರ್ಪಾಡನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಬಂಗಲೆಗೆ ಗಾಳಿ, ಲೈನಿಗೆ ಧೂಳು.

ಜಿಂಗ್ವಾಶಿಯ ಗಣಿಗಾರಿಕೆ ನಿಂತದ್ದು 1987ರಲ್ಲಿ. 2004ರಲ್ಲಿ ಊರಿನ ಹಳೆಯ ಕಟ್ಟಡಗಳನ್ನೇ ಸೇರಿಸಿ ಚಿನ್ನದ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಪ್ರತ್ಯೇಕ ಟಿಕೆಟ್ ಪಡೆದು, ತಲೆಗೆ ಹೆಲ್ಮೆಟ್ ಹಾಕಿಕೊಂಡು ಬೆನ್‌ಶಾನ್ ಐದನೇ ಸುರಂಗಕ್ಕೆ ಇಳಿಯಬಹುದು. ಒಳಗೆ ತಣ್ಣನೆಯ ಗಾಳಿ, ಮರದ ಆಸರೆ, ಹೆಲ್ಮೆಟ್ಟಿನ ಮೇಲೆ ಟಪ್ಪೆಂದು ಬೀಳುವ ಹನಿ. ಅಲ್ಲಲ್ಲಿ ಗಣಿ ಕೆಲಸಗಾರರ ಗೊಂಬೆಗಳು ಮಾತನಾಡುತ್ತವೆ. ಗೊಂಬೆಗಳಿಲ್ಲದಿದ್ದರೆ ಇನ್ನೂ ಚೆನ್ನಾಗಿತ್ತು. ಆದರೂ ಕೆಜಿಎಫ್‌ನಲ್ಲಿ ಮೂರು ಕಿಲೋಮೀಟರಿಗೂ ಆಳದ ಗಣಿಯ ಮೇಲೆ ಬದುಕಿ, ರಾಕ್ ಬರ್ಸ್ಟ್ ಆಗಿ ಆಳದಲ್ಲಿ ಬಂಡೆ ಸಿಡಿದಾಗ ಅಡುಗೆಮನೆಯ ಪಾತ್ರೆ ಗಲಗಲ ಎನ್ನುವುದನ್ನಷ್ಟೇ ಕೇಳಿದ್ದ ನನಗೆ, ಸುರಂಗವೊಂದರ ಗೋಡೆಯನ್ನು ಕೈಯಿಂದ ಮುಟ್ಟಿದ್ದು ಅದೇ ಮೊದಲು. ಸಂಗ್ರಹಾಲಯದಲ್ಲಿ 220 ಕಿಲೋ ತೂಕದ ಚಿನ್ನದ ಗಟ್ಟಿಯೊಂದಿದೆ. ಪೆಟ್ಟಿಗೆಯ ರಂಧ್ರದಲ್ಲಿ ಕೈ ತೂರಿಸಿ ಸವರಿದವರೆಲ್ಲ, ಅದೃಷ್ಟ ಸೋರಿಹೋಗದಿರಲೆಂದು, ಆ ಕೈಯನ್ನು ನೇರವಾಗಿ ಜೇಬಿಗಿಳಿಸುತ್ತಿದ್ದರು. ನಾನೂ ಇಳಿಸಿದೆ.

ಈ ಊರಿನ ಕರಾಳ ಭಾಗವನ್ನೂ ನೋಡದೆ ಬರಬಾರದು. 1942ರಿಂದ ಜಪಾನೀಯರು ಸಿಂಗಾಪುರ ಮೊದಲಾದೆಡೆ ಸೆರೆಹಿಡಿದ ಸಾವಿರಕ್ಕೂ ಹೆಚ್ಚು ಮಿತ್ರರಾಷ್ಟ್ರಗಳ ಸೈನಿಕರನ್ನು ಇಲ್ಲಿನ ತಾಮ್ರದ ಗಣಿಯಲ್ಲಿ ದುಡಿಸಿದರು. ಅವರ ಶಿಬಿರವಿದ್ದ ಜಾಗದಲ್ಲಿ ಈಗ ಸ್ಮಾರಕ ಉದ್ಯಾನವಿದೆ. ನಾನು ಹೋದಾಗ ಅಲ್ಲಿ ಇನ್ನೊಬ್ಬರಿರಲಿಲ್ಲ.

ಊಟದ ವಿಷಯದಲ್ಲಿ ಜ್ಯೂಫೆನ್‌ಗೇ ನನ್ನ ಮತ. ಜಿಂಗ್ವಾಶಿಯ ಹೆಸರಾಂತ ತಿನಿಸು ಗಣಿ ಕೆಲಸಗಾರರ ಬುತ್ತಿ. ಅದರಲ್ಲಿ ಅನ್ನದ ಮೇಲೆ ಹಂದಿಮಾಂಸದ ತುಂಡಿರುವುದರಿಂದ ನನ್ನಂಥ ಸಸ್ಯಾಹಾರಿಗೆ ಸ್ಟೀಲಿನ ಡಬ್ಬಿ ಮಾತ್ರ ದಕ್ಕೀತು. ಜ್ಯೂಫೆನ್‌ನಲ್ಲಾದರೋ ನಮ್ಮ ಕೆಸುವಿನ ಗೆಡ್ಡೆಯನ್ನೇ ಅರೆದು ಮಾಡಿದ ಮೆತ್ತನೆಯ ಉಂಡೆಗಳನ್ನು ಸಿಹಿ ಪಾಕದಲ್ಲಿ ಕೊಡುತ್ತಾರೆ. ತೆಳು ಹಾಳೆಯೊಳಗೆ ಕಡಲೆಕಾಯಿ ಮಿಠಾಯಿಯನ್ನು ಕೀಸಿ ಉದುರಿಸಿ, ಐಸ್‌ಕ್ರೀಮ್ ಇಟ್ಟು, ಅದರ ಮೇಲೆ ಹಸಿ ಕೊತ್ತಂಬರಿ ಸೊಪ್ಪು ಹರಡಿ ಸುತ್ತಿಕೊಡುವ ತಿಂಡಿಯನ್ನು ಮೊದಲು ಅನುಮಾನದಿಂದ, ಆಮೇಲೆ ಎರಡನೆಯದನ್ನು ಕೇಳಿ ತಿಂದೆ.

ಒಂದೇ ದಿನವಿದ್ದರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಜಿಂಗ್ವಾಶಿಗೆ ಕೊಡಿ. ಜ್ಯೂಫೆನ್‌ಗೆ ಸಂಜೆ ಸಾಕು. ಮೂರನೆಯ ಸಲ ನಾನು ಹಾಗೆ ಮಾಡಿ, ರಾತ್ರಿ ಜ್ಯೂಫೆನ್‌ನಲ್ಲೇ ತಂಗಿದೆ. ಪ್ರವಾಸಿ ಬಸ್ಸುಗಳು ಹೊರಟುಹೋಗಿ ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚಿದ ಮೇಲೆ, ಒದ್ದೆ ಮೆಟ್ಟಿಲುಗಳ ಮೇಲೆ ಉಳಿದದ್ದು ಲಾಂದ್ರದ ಬೆಳಕು ಮತ್ತು ಎರಡು ಬೆಕ್ಕು.